ಬದು ಅಳಿಸಿದ ಹೊಳೆ

ರಾಯದುರ್ಗದ ಕನ್ನಡ ಮಾಧ್ಯಮ ಶಾಲೆಯಲ್ಲಿ ಸಮಾಜ ವಿಜ್ಞಾನ ನನ್ನ ಪಾಲು, ಹಾಗಾಗಿ ನೈಲ್ ನದಿಯೂ ನನ್ನ ಪಾಲು. ಎಲ್ಲೋ ದೂರದ ಬೆಟ್ಟಗಳಲ್ಲಿ ಮಳೆ ಸುರಿಯುತ್ತಿತ್ತು. ಮಳೆಯೇ ಕಾಣದ ಈಜಿಪ್ಟಿನಲ್ಲಿ ಹೊಳೆ ಉಕ್ಕಿ, ಹೊಲಗಳ ಮೇಲೆ ಕಪ್ಪು ಮಣ್ಣು ಹಾಸಿ ಹಿಂದೆ ಸರಿಯುತ್ತಿತ್ತು. ಮಕ್ಕಳು ತಕರಾರಿಲ್ಲದೆ ಒಪ್ಪುತ್ತಾರೆ. ನಮ್ಮ ಕಡೆ ಕೆರೆಯ ಗೋಡುಮಣ್ಣನ್ನು ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಹೊಡೆಸುತ್ತಾರೆ. ಅದನ್ನು ಹೊಳೆಯೇ ಬಿಟ್ಟಿಯಾಗಿ ತಂದು ಹಾಕುತ್ತಿತ್ತೆಂದರೆ ಲಾಭ ಯಾರಿಗೂ ಅರ್ಥವಾಗುತ್ತದೆ. ಪ್ರವಾಹ ಬದುಗಳನ್ನೂ ಅಳಿಸುತ್ತಿತ್ತು, ಆದ್ದರಿಂದ ಪ್ರತಿವರ್ಷ ಹಗ್ಗ ಹಿಡಿದು ಹೊಲ ಅಳೆಯುತ್ತಿದ್ದರು ಎಂಬಲ್ಲಿ ಮಾತ್ರ ನಾನೇ ಸ್ವಲ್ಪ ತಡವರಿಸುತ್ತೇನೆ.

ನಮ್ಮ ಹೊಲ ಗುಮ್ಮಘಟ್ಟದ ಕಡೆ, ಹಗರಿಯ ದಂಡೆಯಲ್ಲಿದೆ. ಹಗರಿ ಹೆಸರಿಗಷ್ಟೇ ಹೊಳೆ, ಕುರಿಗಳು ಕಾಲು ಒದ್ದೆಯಾಗದೆ ದಾಟುತ್ತವೆ. ಅರ್ಧ ಹೊಲ ಅಪ್ಪನದು, ಅರ್ಧ ದೊಡ್ಡಪ್ಪನದು. ನಡುವಿನ ಬದುವನ್ನು ಯಾರು ಯಾರ ಕಡೆ ಸರಿಸಿದರೆಂಬ ಜಗಳದಲ್ಲಿ ಇಬ್ಬರೂ ಮಾತು ಬಿಟ್ಟಿದ್ದರು. ಸರಿದಿದ್ದರೆ ಒಂದು ಸಾಲು ಶೇಂಗಾ ಸರಿದಿರಬಹುದು. ಅಷ್ಟಕ್ಕೆ ಮದುವೆಯಲ್ಲೂ ಸಾವಿನ ಮನೆಯಲ್ಲೂ ಬೇರೆ ಬೇರೆ ಮೂಲೆ ಹಿಡಿದು ಕೂರುತ್ತಿದ್ದರು. ಅಪ್ಪ ಇದನ್ನು ಮರ್ಯಾದೆ ಎನ್ನುತ್ತಿದ್ದರು, ನಾನು ಹಟ ಎನ್ನುತ್ತಿದ್ದೆ. ಆದರೆ ಬೀದಿಯಲ್ಲಿ ದೊಡ್ಡಪ್ಪನ ಬೈಕಿನ ಸದ್ದು ಕೇಳಿದರೆ ಅಪ್ಪ ತುತ್ತು ಕೈಯಲ್ಲೇ ಹಿಡಿದು, ಅದು ದೂರವಾಗುವವರೆಗೂ ಕಿವಿಗೊಡುತ್ತಿದ್ದರು.

ಒಂದು ವರ್ಷ ಮೇಲಿನ ಸೀಮೆಯಲ್ಲಿ ಮಳೆಯಾಗಿ ಹಗರಿ ಹೊಲದೊಳಗೇ ಬಂತು. ನೀರು ಇಳಿದ ಮೇಲೆ ಬದುವೂ ಇಲ್ಲ, ಗಡಿಯ ಕಲ್ಲೂ ಇಲ್ಲ. ಸರ್ವೇಯರ್ ಬರುವ ಹೊತ್ತಿಗೆ ಮಣ್ಣಿನ ಹಸಿ ಆರಿಹೋಗುತ್ತಿತ್ತು, ಕಡಲೆ ಬಿತ್ತಬೇಕಿತ್ತು. ಹಗ್ಗ ಹಿಡಿಯಲು ಊರವರು ಬರಲಿಲ್ಲ. ಅಣ್ಣತಮ್ಮಂದಿರ ಬೈಗುಳ ಯಾರಿಗೆ ಬೇಕು? ದಾರಿಯ ಕಡೆಯ ಬಂಡೆಯೊಂದೇ ಗಡಿಗೆ ಉಳಿದ ಗುರುತು. ಅಲ್ಲಿ ಒಂದು ತುದಿ ಹಿಡಿದು ಅಪ್ಪ, ಹೊಳೆಯ ಕಡೆ ಇನ್ನೊಂದು ತುದಿ ಹಿಡಿದು ದೊಡ್ಡಪ್ಪ, ನಡುವೆ ನಾನು.

"ಎಡಕ್ಕ ಸರೀಬೇಕಂತ ಹೇಳವ್ವ ಆ ಮನುಷ್ಯಾಗ," ಎಂದರು ಅಪ್ಪ. ನಾನು ಕೂಗಿದೆ.

"ಎಡಾ ಅಂದ್ರ ಯಾರ ಎಡಾ? ಕೇಳು ನಿಮ್ಮಪ್ಪನ್ನ," ಎಂದು ದೊಡ್ಡಪ್ಪ ತಿರುಗಿ ಕೂಗಿದರು.

ಗಾಳಿ ಬೇರೆ ಬೀಸುತ್ತಿತ್ತು. ತರಗತಿಯಲ್ಲಿ ಪಳಗಿದ ನನ್ನ ಗಂಟಲೂ ಸೋತಿತು, ಸುಮ್ಮನಾದೆ. ಬೇಕೆಂದೇ ಸುಮ್ಮನಾದೆ ಎಂದು ಯಾರಾದರೂ ಅಂದರೆ ಅಲ್ಲಗಳೆಯುವುದಿಲ್ಲ. ಹಗ್ಗ ಓರೆಯಾಗಿ ಅಪ್ಪನ ಪಾಲಿನೊಳಕ್ಕೆ ಬರುತ್ತಲೇ ಇತ್ತು.

"ಅಣ್ಣಾ, ಬೇವಿನ ಗಿಡದ ಕಡೆ ಸರಿ!" ಅಪ್ಪನೇ ಕೂಗಿದರು.

ದೊಡ್ಡಪ್ಪ ದಂಡೆಯ ಬೇವಿನ ಕಡೆ ಸರಿದರು. "ನೀ ಬಿಗಿ ಹಿಡಿಯೋ ಮೊದ್ಲು! ಯಾಕ ಸಡ್ಲ ಬಿಡ್ತಿ, ಉಂಡಿಲ್ಲೇನು?"

ನಿಜಕ್ಕೂ ಉಂಡಿರಲಿಲ್ಲ. ಮಧ್ಯಾಹ್ನದವರೆಗೂ ಇಬ್ಬರೂ ಬಾಯಿತುಂಬ ಬೈದಾಡಿಕೊಂಡರು, ಒಂದೇ ಬುತ್ತಿಯ ರೊಟ್ಟಿ ತಿಂದರು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಸಂಜೆಗೆ ಹೊಸ ಬದು ಎದ್ದಿತು, ಕಲ್ಲು ನೆಟ್ಟರು.

ಬದು ನೆಟ್ಟಗಿತ್ತು, ಹಾಗಾಗಿ ಮತ್ತೆ ಮಾತಾಡಲು ಕಾರಣವೇ ಉಳಿಯಲಿಲ್ಲ. ಮೊದಲು ಕರೆದವನು ನಾನು, ಇನ್ನು ಅವನು ಬರಲಿ ಎಂದರು ಅಪ್ಪ. ದೊಡ್ಡಪ್ಪ ಬರಲಿಲ್ಲ, ಹಗರಿಯೂ ಮತ್ತೆ ಬಂದಿಲ್ಲ.

ಮೊನ್ನೆ ಅಪ್ಪನ ಜೊತೆ ಹೊಲಕ್ಕೆ ಹೋಗಿದ್ದೆ. ಬದುವಿನ ಆಚೆ ದೊಡ್ಡಪ್ಪ ನಮಗೆ ಬೆನ್ನು ಮಾಡಿ ಕಳೆ ಕೀಳುತ್ತಿದ್ದರು. ಅಪ್ಪ ಅತ್ತ ನೋಡುತ್ತಲೇ ಕೇಳಿದರು:

"ನೀ ಪಾಠ ಹೇಳ್ತಿಯಲ್ಲ, ಆ ದೇಶದ ಹೊಳಿ ವರ್ಷಾ ವರ್ಷಾ ಬರ್ತಿತ್ತೇನವ್ವ?"

"ಹೂಂ ಅಪ್ಪ, ವರ್ಷಾ ಬರ್ತಿತ್ತು."

"ವರ್ಷಾ ಬದೂನೂ ಅಳಿಸ್ತಿತ್ತಾ?"

"ಅಳಿಸ್ತಿತ್ತು."

"ಪುಣ್ಯವಂತ್ರು," ಎಂದರು ಅಪ್ಪ.