ಪ್ರಿನ್ಸಿಪಾಲರ ಆಕಳಿಕೆ

ಒಂದೇ ಒಂದು ಕಾರಿರುವ ಡ್ರೈವಿಂಗ್ ಸ್ಕೂಲಿಗೆ ಪ್ರಿನ್ಸಿಪಾಲ್ ಯಾಕೆ ಬೇಕು ಎಂದು ಕೇಳುವ ಧೈರ್ಯ ಆ ಬೀದಿಯಲ್ಲಿ ಯಾರಿಗೂ ಇರಲಿಲ್ಲ. ಸ್ಕೂಲಿನ ಯಜಮಾನರು ಕಾರಿನ ಬಾಗಿಲ ಮೇಲೆ ತಮ್ಮನ್ನು ದಪ್ಪಕ್ಷರದಲ್ಲಿ ಹಾಗೆ ಬರೆಸಿಕೊಂಡಿದ್ದರಿಂದ ಜನರೂ ಅವರನ್ನು ಹಾಗೇ ಕರೆಯುತ್ತಿದ್ದರು. ಕೆಲವರು ಗೌರವದಿಂದ, ಹೆಚ್ಚಿನವರು ನಗು ತಡೆದುಕೊಂಡು. ಇವೆರಡರ ವ್ಯತ್ಯಾಸ ಅವರಿಗೆ ತಿಳಿಯುತ್ತಿರಲಿಲ್ಲ. ಸಿಕ್ಕಿದ್ದನ್ನೆಲ್ಲ ಗೌರವವೆಂದೇ ಜೇಬಿಗಿಳಿಸುತ್ತಿದ್ದರು.

ಅವರ ಲೆಕ್ಕದಲ್ಲಿ ಲೋಕದಲ್ಲಿರುವುದು ಎರಡೇ ಜಾತಿ: ಕ್ಲಚ್ ಬಿಡಲು ಬರುವವರು, ಬಾರದವರು. ಮೊದಲನೆಯ ಜಾತಿಯಲ್ಲಿ ಸದ್ಯಕ್ಕೆ ಅವರೊಬ್ಬರೇ ಇದ್ದರು. ಕಲಿಯುವವರ ಪಕ್ಕದ ಸೀಟಿನಲ್ಲಿ, ತಮ್ಮ ಕಾಲಡಿಗೆ ಇನ್ನೊಂದು ಬ್ರೇಕ್ ಇಟ್ಟುಕೊಂಡು, ಕೈಕಟ್ಟಿ ಕೂತು ಅವರು ಪಾಠ ಮಾಡುತ್ತಿದ್ದುದೆಲ್ಲ ಬೈಗುಳದಲ್ಲೇ. "ಅಮ್ಮಾ, ಅದು ಸ್ಟಿಯರಿಂಗು, ಹಿಟ್ಟಲ್ಲ, ನಾದಬೇಡಿ." "ಏನಯ್ಯಾ, ಕನ್ನಡಿ ಇರೋದು ಹಿಂದಿನ ಗಾಡಿ ನೋಡೋಕೆ, ಕ್ರಾಪು ತಿದ್ದಿಕೊಳ್ಳೋಕಲ್ಲ."

ಇಂಥ ಮಹಾನುಭಾವರ ಸೊಂಟ ಮುರಿದದ್ದು ಕ್ರಾಪು ತಿದ್ದಿಕೊಳ್ಳುವವನೊಬ್ಬನಿಂದ. ಮುಂದೆ ಹೋಗು ಅಂದರೆ ಅವನು ಹಿಂದೆ ಹೋಗಿ ಗೋಡೆಗೆ ಗುದ್ದಿದ. ಆಪರೇಷನ್ ಆಯಿತು, ಅಫೀಮಿನ ವಂಶದ ನೋವಿನ ಮಾತ್ರೆ ಶುರುವಾಯಿತು. ಕೆಲವು ತಿಂಗಳಲ್ಲಿ ನೋವು ಹೋಯಿತು, ಮಾತ್ರೆ ಹೋಗಲಿಲ್ಲ. ಒಂದು ಎರಡಾಯಿತು, ಎರಡು ಹಿಡಿಯಷ್ಟಾಯಿತು. ಒಂದು ಮೆಡಿಕಲ್ ಶಾಪಿನವನು ಕೊಡುವುದಿಲ್ಲ ಅಂದರೆ ಊರಾಚೆಯ ಇನ್ನೊಂದಕ್ಕೆ ಹೋಗುತ್ತಿದ್ದರು. ತಪ್ಪಿದ ದಿನ ಮೂಗು ಸುರಿದು, ಮೈ ನಡುಗಿ, ಕಾಲಿನೊಳಗೆ ಇರುವೆ ಬಿಟ್ಟ ಹಾಗಾಗುತ್ತಿತ್ತು. ಅದಕ್ಕೆ ಅವರು ಇಟ್ಟ ಹೆಸರು ಶೀತ.

ಶೀತದ ಗುಟ್ಟು ರಟ್ಟು ಮಾಡಿದ್ದು ಬಟ್ಟೆ ಅಂಗಡಿಯಾಕೆ. ನಡುವಯಸ್ಸು ದಾಟಿ ಗಾಡಿ ಕಲಿಯಲು ಹೊರಟಿದ್ದ ಆಕೆ ಒಂದು ದಿನ ಕಾರನ್ನು ತಾನೇ ತಂದು ಪ್ರಿನ್ಸಿಪಾಲರ ಮನೆ ಮುಂದೆ ನಿಲ್ಲಿಸಿದಳು. ಪಕ್ಕದ ಸೀಟಿನಲ್ಲಿ ಪ್ರಿನ್ಸಿಪಾಲರು ಬಾಯಿ ತೆರೆದುಕೊಂಡು ತೂಕಡಿಸುತ್ತಿದ್ದರು.

"ಮೇಡಂ," ಅಂದಳು ಅವರ ಹೆಂಡತಿಗೆ, "ಸಾರ್ ಸರ್ಕಲ್ಲಿಂದ ಹೀಗೇ ಇದಾರೆ. ಮೊದಲು ನಾನು ಅಷ್ಟು ಚೆನ್ನಾಗಿ ಓಡಿಸ್ತಿದೀನೇನೋ, ಅದಕ್ಕೇ ಬೈತಿಲ್ಲ ಅಂದ್ಕೊಂಡೆ. ಲಾರಿ ಎದುರಿಗೆ ಬಂದಾಗ್ಲೂ ಬೈಲಿಲ್ಲ. ಆಗ ಭಯ ಆಯ್ತು."

ಹೆಂಡತಿ ಕೂಗಾಡಲಿಲ್ಲ. ಕಾರಿನ ಕೀ ತೆಗೆದು ತನ್ನ ಬ್ಯಾಗಿಗೆ ಹಾಕಿಕೊಂಡಳು. ಮನೆಯಲ್ಲಿದ್ದ ಮಾತ್ರೆಗಳನ್ನು ಹುಡುಕಿ ಹುಡುಕಿ ತೆಗೆದಳು. ಆಮೇಲೆ ಹೇಳಿದಳು: "ನಾಳೆ ಆಸ್ಪತ್ರೆಗೆ ಹೋಗ್ತೀವಿ. ಆ ಸೀಟಲ್ಲಿ ಮತ್ತೆ ಕೂತ್ಕೋಬಹುದು ಅಂತ ಡಾಕ್ಟರು ನನ್ನೆದುರಿಗೆ ಹೇಳ್ಬೇಕು. ಅಲ್ಲೀತನಕ ಕ್ಲಾಸು ನಾನೇ ತಗೋತೀನಿ."

"ನೀನಾ?"

"ಲೈಸೆನ್ಸ್ ನಂಗೂ ಇದೆ. ಎಚ್ಚರವಾಗೂ ಇರ್ತೀನಿ."

ಆಸ್ಪತ್ರೆಯ ಹಿಂಬದಿಯಲ್ಲಿ ಅಮಲು ಬಿಡಿಸುವ ಹಾಲ್ ಕಂಡು ಪ್ರಿನ್ಸಿಪಾಲರಿಗೆ ಬಾಗಿಲಲ್ಲೇ ಹೇಸಿಗೆಯಾಯಿತು. ಹಾಗೆ ನೋಡಿದರೆ ಹೇಸುವಂಥದ್ದೇನೂ ಇರಲಿಲ್ಲ: ಫಿನಾಯಿಲ್ ವಾಸನೆ, ಗೋಡೆಗೊರಗಿದ ಉದ್ದನೆಯ ಬೆಂಚು, ಕೊನೆಗೊಂದು ಕಿಟಕಿ, ಅದರಾಚೆ ನರ್ಸ್. ಹೇಸಿಗೆ ಆದದ್ದು ಬೆಂಚಿನ ಮೇಲಿದ್ದವರನ್ನು ಕಂಡು. ಒಬ್ಬೊಬ್ಬರಾಗಿ ಎದ್ದು ಹೋಗಿ, ಕಿಟಕಿಯಲ್ಲಿ ನಾಲಿಗೆ ಎತ್ತಿ ತೋರಿಸಿ, ಅದರಡಿಗೆ ಮಾತ್ರೆ ಹಾಕಿಸಿಕೊಂಡು, ಅದು ಕರಗುವವರೆಗೆ ಬಾಯಿ ಮುಚ್ಚಿ ಕೂರುತ್ತಿದ್ದರು. ಕರಗಿದ ಮೇಲೆ ಮತ್ತೆ ಬಾಯಿ ತೆರೆದು ತೋರಿಸಿದರೆ ಮಾತ್ರ ಬಿಡುಗಡೆ.

"ಇವರೆಲ್ಲ ಅಮಲಿನವರು," ಅಂದರು ಹೆಂಡತಿಯ ಕಿವಿಯಲ್ಲಿ, ಇಡೀ ಹಾಲ್‌ಗೆ ಕೇಳುವ ಹಾಗೆ. "ನಾನು ಪೇಷೆಂಟು."

ಪಕ್ಕದಲ್ಲಿದ್ದವನು ಮನೆಗಳಿಗೆ ಬಣ್ಣ ಬಳಿಯುವವನು. ಉಗುರಿನ ಸಂದಿಯಲ್ಲಿ ಹಸಿರು, ಕಿವಿಯ ಹಿಂದೆ ಬಿಳಿ. ಬಾಯಿಯಲ್ಲಿ ಮಾತ್ರೆ ಇದ್ದುದರಿಂದ ಆಗ ಸುಮ್ಮನಿದ್ದ. ಕರಗಿದ ಮೇಲೆ ವಿಚಾರಿಸಿದ: "ಅಣ್ಣ, ಪೇಷೆಂಟುಗಳಿಗೆ ಬೇರೆ ಬೆಂಚು ಹಾಕಿಸ್ಬೇಕಾ?"

ಪ್ರಿನ್ಸಿಪಾಲರು ಮುಖ ತಿರುಗಿಸಿದರು. ಬಣ್ಣದವನ ಜೊತೆ ಮಾತಾಡುವುದೆಂದರೆ ಗೇರು ಬೀಳದ ಗಾಡಿಯ ಜೊತೆ ವಾದ ಮಾಡಿದ ಹಾಗೆ ಎಂದು ತಮಗೆ ತಾವೇ ಹೇಳಿಕೊಂಡರು.

ಒಳಗೆ ಡಾಕ್ಟರಮ್ಮ ಕೇಳಿದ್ದು ಮುಖ್ಯವಾಗಿ ಒಂದೇ ಪ್ರಶ್ನೆ. "ಕೊನೇ ಮಾತ್ರೆ ಯಾವಾಗ ತಗೊಂಡ್ರಿ? ಸರಿಯಾಗಿ ಯೋಚಿಸಿ ಹೇಳಿ. ಹಳೇದು ಮೈಯಿಂದ ಇಳಿದಿರಬೇಕು. ಬೆವರು, ನಡುಕ, ಆಕಳಿಕೆ ಚೆನ್ನಾಗಿ ಶುರುವಾದ ಮೇಲೇ ನಾವು ಇದನ್ನ ಕೊಡೋದು. ಮೊದಲೇ ಕೊಟ್ಟರೆ ತುಂಬ ಕಷ್ಟ ಆಗುತ್ತೆ."

"ನಿನ್ನೆ ಮಧ್ಯಾಹ್ನ," ಅಂದರು ಪ್ರಿನ್ಸಿಪಾಲರು.

ನಿಜವಾಗಿ ಆ ದಿನ ಬೆಳಿಗ್ಗೆಯೇ ತೆಗೆದುಕೊಂಡಿದ್ದರು. ಹೆಂಡತಿಯ ಹುಡುಕಾಟಕ್ಕೆ ಸಿಗದೆ ಉಳಿದ ಕೆಲವನ್ನು ಬಚ್ಚಲುಮನೆಯಲ್ಲಿ ನೀರಿಲ್ಲದೆ ನುಂಗಿ, ಕನ್ನಡಿಯಲ್ಲಿ ಟೈ ಸರಿಮಾಡಿಕೊಂಡು ಬಂದಿದ್ದರು. ಹಾಗಂತ ಹೇಳಿದರೆ ಸಂಜೆವರೆಗೋ ಮಾರನೆಯ ದಿನದವರೆಗೋ ಆ ಬೆಂಚಿನ ಮೇಲೆ, ಆ ಜನರ ನಡುವೆ, ಮೂಗು ಸುರಿಸುತ್ತಾ ಕೂರಬೇಕು. ಯಾರಾದರೂ ಹಳೆಯ ಶಿಷ್ಯ ನೋಡಿಬಿಟ್ಟರೆ? ಅದಕ್ಕಿಂತ ಒಂದು ಮಾತ್ರೆ ಬಾಯಿಗೆ ಹಾಕಿಸಿಕೊಂಡು, ಡಾಕ್ಟರ ಬಾಯಲ್ಲಿ 'ಸರಿಹೋಗಿದಾರೆ' ಅನ್ನಿಸಿ, ಕೀ ಇಸಿದುಕೊಂಡು ಹೋಗುವುದು ವಾಸಿ.

ಬೆಂಚಿನ ಮೇಲೆ ಕಾದಿದ್ದ ಹೊತ್ತಿನಲ್ಲಿ ಅವರು ಸುಮ್ಮನೆ ಕೂತಿರಲಿಲ್ಲ. ಅಮಲಿನವರ ಲಕ್ಷಣಗಳನ್ನು ಅಭ್ಯಾಸ ಮಾಡಿದ್ದರು. ಈಗ ಒಂದು ಆಕಳಿಕೆ ತೆಗೆದರು. ದವಡೆ ಕಟ್ ಎನ್ನುವಂಥ, ವಾರ್ಷಿಕೋತ್ಸವದ ನಾಟಕದಲ್ಲಿ ಬಹುಮಾನ ಬರುವಂಥ ಆಕಳಿಕೆ. ಹಿಂದೆಯೇ ಇನ್ನೊಂದು. ಮೊಣಕಾಲು ಕುಣಿಸಿದರು. ಕರವಸ್ತ್ರ ತೆಗೆದು ಒಣಗಿದ ಹಣೆ ಒರೆಸಿದರು.

ನರ್ಸ್ ಟಾರ್ಚ್ ಹಾಕಿ ಕಣ್ಣು ನೋಡಿದಳು. "ಡಾಕ್ಟ್ರೇ, ಕಣ್ಣಿನ ಪಾಪೆ ಇನ್ನೂ ಸಾಸಿವೆ ಕಾಳಿನಷ್ಟಿದೆ. ಹಳೇದು ಇಳಿದಿದ್ದರೆ ದೊಡ್ಡದಾಗಬೇಕಿತ್ತಲ್ಲ?"

"ಬಿಸಿಲಲ್ಲಿ ಗಾಡಿ ಕಲಿಸಿ ಕಲಿಸಿ ಹಾಗಾಗಿದೆ ತಾಯಿ," ಅಂದರು ಪ್ರಿನ್ಸಿಪಾಲರು. "ಈ ಕಣ್ಣು ನೋಡದ ರಸ್ತೆ ಇಲ್ಲ."

ಡಾಕ್ಟರಮ್ಮನಿಗೆ ನಂಬಿಕೆ ಬರಲಿಲ್ಲ. "ಸಂಜೆವರೆಗೆ ಕಾಯೋಣ," ಅಂದಳು. ಪ್ರಿನ್ಸಿಪಾಲರು ಎದ್ದು ನಿಂತು, ಸಭ್ಯಸ್ಥರ ಮಾತಿಗೆ ಬೆಲೆ ಇಲ್ಲದ ಕಾಲ ಬಂತಲ್ಲ ಎಂದು ಭಾಷಣ ಶುರುಮಾಡಿದರು. ಆಗ ಹೆಂಡತಿ ಬಾಯಿ ಬಿಟ್ಟಳು.

"ಇಲ್ಲ ಡಾಕ್ಟ್ರೇ, ಇವರು ನಿಜ ಹೇಳ್ತಿದಾರೆ. ನಿನ್ನೆ ಮಧ್ಯಾಹ್ನ ನಾನೇ ಮನೆಯೆಲ್ಲ ಜಾಲಾಡಿ ಬಿಸಾಕಿದೀನಿ. ಅಲ್ಲಿಂದ ಇವರ ಪಕ್ಕ ಬಿಟ್ಟು ಕದಲಿಲ್ಲ. ಬೇಕಾದ್ರೆ ನನ್ನ ಮಾತಿನ ಮೇಲೆ ಕೊಡಿ."

ಪ್ರಿನ್ಸಿಪಾಲರು ಹೆಂಡತಿಯ ಕಡೆ ನೋಡಿದರು. ಅಲ್ಲಿ ಒಂದು ಬ್ರೇಕ್ ಒತ್ತಬಹುದಿತ್ತು. ಒತ್ತಲಿಲ್ಲ. ನಾಲಿಗೆ ಎತ್ತಿದರು.

ಸ್ವಲ್ಪ ಹೊತ್ತು ಬೆಂಚಿನ ಮೇಲೆ ಗತ್ತಿನಿಂದ ಕೂತಿದ್ದರು. ಆಮೇಲೆ ಬಂತು. ಅಭ್ಯಾಸ ಮಾಡಿದ್ದ ಯಾವುದೂ ಬೇಕಾಗಲಿಲ್ಲ. ಬೆವರು ಟೈಯನ್ನು ನೆನೆಸಿತು, ರೋಮ ನೆಟ್ಟಗಾಯಿತು, ಹೊಟ್ಟೆಯನ್ನು ಯಾರೋ ಬಟ್ಟೆ ಹಿಂಡಿದ ಹಾಗೆ ಹಿಂಡಿದರು. ಬಕೆಟ್ ಎಂದು ಕೂಗುವ ಮೊದಲೇ ಬಣ್ಣದವನು ತನ್ನದೇ ಬಣ್ಣದ ಡಬ್ಬಿ ತಂದು ಮುಖದ ಕೆಳಗೆ ಹಿಡಿದ. ಬಹುಕಾಲ ಬೈಗುಳ ಮಾತ್ರ ಹೊರಟಿದ್ದ ಬಾಯಿಂದ ಈಗ ಬೆಳಗಿನ ಕಾಫಿಯೂ ಹೊರಟಿತು.

"ಏನಣ್ಣ, ಏಕ್‌ದಂ ರಿವರ್ಸ್ ಬಿತ್ತಲ್ಲ?" ಅಂದ ಬಣ್ಣದವನು, ಬೆನ್ನು ಸವರುತ್ತಾ. "ನಾನೂ ಮೊದಲ ಸಲ ಹಿಂಗೇ ರೈಲು ಬಿಟ್ಟಿದ್ದೆ. ಮೂರು ದಿನ ಮುಟ್ಟಿಲ್ಲ ಅಂದಿದ್ದೆ. ನಿಮ್ಮದೆಷ್ಟು ಹೊತ್ತಿನ ಹಿಂದಿನದು?"

ಡಾಕ್ಟರಮ್ಮ ಓಡಿ ಬಂದಳು. ಅದೇ ಪ್ರಶ್ನೆ. ಈಗ ಉತ್ತರಕ್ಕೆ ಕಾದದ್ದು ಇಡೀ ಬೆಂಚು.

"ಬೆಳಿಗ್ಗೆ," ಅಂದರು ಪ್ರಿನ್ಸಿಪಾಲರು ಡಬ್ಬಿಯೊಳಗೆ.

"ಜೋರಾಗಿ ಹೇಳಿ."

"ಇವತ್ತು ಬೆಳಿಗ್ಗೆ! ಬಚ್ಚಲುಮನೇಲಿ! ಶಾಂಪೂ ಬಾಟಲಿ ಮುಚ್ಚಳದಲ್ಲಿ ಇಟ್ಟಿದ್ದೆ!"

ಡಾಕ್ಟರಮ್ಮ ಹಲ್ಲು ಕಚ್ಚಿಕೊಂಡೇ ವಿವರಿಸಿದಳು. "ಮಿದುಳಲ್ಲಿ ಖಾಲಿ ಸೀಟಿದ್ದರೆ ಈ ಔಷಧಿ ಸುಮ್ಮನೆ ಬಂದು ಕೂರುತ್ತೆ. ಹಳೇದು ಇನ್ನೂ ಕೂತಿದ್ದರೆ ಅದರ ಕತ್ತು ಹಿಡಿದು ಆಚೆ ದಬ್ಬಿ ಕೂರುತ್ತೆ. ನಿಧಾನವಾಗಿ ಇಳಿಯಬೇಕಾಗಿದ್ದನ್ನ ಓಡುವ ಬಸ್ಸಿಂದ ತಳ್ಳಿಸಿದಿರಿ. ಈಗ ಅನುಭವಿಸಿ." ಅಷ್ಟು ಹೇಳಿ, ಅನುಭವಿಸಲು ಬಿಡದೆ, ವಾಂತಿಗೊಂದು ಸೂಜಿ, ಕಾಲಿನ ಸೆಳೆತಕ್ಕೊಂದು ಗುಳಿಗೆ ಕೊಡಿಸಿ ಒಳಗಿನ ಮಂಚದ ಮೇಲೆ ಮಲಗಿಸಿದಳು.

ಹೆಂಡತಿ ಮಂಚದ ಕಾಲ ಬಳಿ ನಿಂತಿದ್ದಳು. ಬೈಯಲಿ ಎಂದು ಪ್ರಿನ್ಸಿಪಾಲರು ಕಾದರು. ಬೈಗುಳ ಅವರಿಗೆ ಗೊತ್ತಿದ್ದ ಭಾಷೆ.

"ಡಾಕ್ಟ್ರೇ," ಅಂದಳು ಅವಳು, ಗಂಡನ ಕಡೆ ನೋಡದೆ. "ಇನ್ನು ಮೇಲೆ ಇವರ ಪರವಾಗಿ ನನ್ನ ಕೇಳ್ಬೇಡಿ. ಇವರ ಬಾಯಿಂದಲೇ ಕೇಳಿ, ಕಣ್ಣಿಗೆ ಟಾರ್ಚ್ ಹಾಕಿ ನೋಡಿ. ನಾನು ಸಾಕ್ಷಿ ಹೇಳಲ್ಲ."

ಸಂಜೆಗೆ ನಡುಕ ಇಳಿದ ಮೇಲೆ ಅದೇ ಔಷಧಿ ಇನ್ನಷ್ಟು ಕೊಟ್ಟರು. ಕೆಲವು ದಿನ ಅಲ್ಲೇ ಇಟ್ಟುಕೊಂಡು, ಆಮೇಲೆ ದಿನಾ ಬೆಳಿಗ್ಗೆ ಬನ್ನಿ ಅಂದರು. ಎಷ್ಟು ದಿನ ಎಂದು ಪ್ರಿನ್ಸಿಪಾಲರು ಕೇಳಿದರು. ದಿನದ ಮಾತಲ್ಲ, ವರ್ಷದ ಮಾತು ಅಂದಳು ಡಾಕ್ಟರಮ್ಮ.

"ಅಂದ್ರೆ ಒಂದು ಮಾತ್ರೆ ಬಿಟ್ಟು ಇನ್ನೊಂದಕ್ಕೆ ಜೋತುಬಿದ್ದ ಹಾಗಾಯ್ತಲ್ಲ?"

"ಬಿ.ಪಿ. ಇರೋರು ದಿನಾ ಮಾತ್ರೆ ನುಂಗಲ್ವಾ? ಹಳೇದು ನಿಮ್ಮನ್ನ ಪಕ್ಕದ ಸೀಟಲ್ಲಿ ಮಲಗಿಸ್ತಿತ್ತು. ಇದು ಎಬ್ಬಿಸಿ ಕೂರಿಸುತ್ತೆ. ಡೋಸು ನೆಲೆಗೆ ನಿಲ್ಲಲಿ, ಕಾರಿನ ಮಾತು ಆಮೇಲೆ."

ಪ್ರಿನ್ಸಿಪಾಲರು ಸಾಲಿನಲ್ಲಿ ನಿಂತರು. ನಿಂತರೆಂದ ಮಾತ್ರಕ್ಕೆ ಮೆದುವಾದರು ಎಂದು ಯಾರೂ ತಿಳಿಯಬೇಡಿ. ಕಿಟಕಿ ತೆರೆಯುವುದು ತಡವಾದರೆ ಗೊಣಗಿದರು, ಸಾಲು ಸೊಟ್ಟಗಿದೆ ಎಂದು ತಿದ್ದಿದರು, ಬಣ್ಣದವನಿಗೆ ಕೈ ತೊಳೆಯಲು ಬರುವುದಿಲ್ಲ ಎಂದು ದಿನಾ ಹೇಳಿದರು. ಅವನು ದಿನಾ ಕೈ ಎತ್ತಿ ತೋರಿಸಿ, "ಇವತ್ತು ನೀಲಿ ಅಣ್ಣ, ನಿನ್ನೆದು ಹೋಯ್ತು ನೋಡಿ," ಅಂದ. ಗುರುತಿನವರು ಎದುರಾದರೆ ಮಾತ್ರ ವಾಕಿಂಗ್ ಅನ್ನುತ್ತಿದ್ದರು. ಹೆಂಡತಿ ಆ ಮಾತಿಗೂ ಸಾಕ್ಷಿ ಹೇಳುತ್ತಿರಲಿಲ್ಲ. ಕ್ಲಾಸುಗಳನ್ನು ಅವಳೇ ನಡೆಸುತ್ತಿದ್ದಳು. ಬೈಯದೆ ಕಲಿಸಿದರೂ ಜನಕ್ಕೆ ಗಾಡಿ ಬರುತ್ತದೆ ಎಂಬುದು ಪ್ರಿನ್ಸಿಪಾಲರಿಗೆ ತೀರಾ ಅವಮಾನದ ಸಂಗತಿಯಾಗಿತ್ತು.

ಕೊನೆಗೊಂದು ದಿನ ಡಾಕ್ಟರಮ್ಮ ಹೆಂಡತಿಯ ಎದುರಿಗೇ ಹೇಳಿದಳು: ಕಲಿಸಬಹುದು, ಸಾಲು ತಪ್ಪಿಸದಿದ್ದರೆ ಮಾತ್ರ.

ಮಾರನೆಯ ದಿನ ಕಾರಿನ ಬಳಿ ಕಾದಿದ್ದವಳು ಬಟ್ಟೆ ಅಂಗಡಿಯಾಕೆ. ಟೆಸ್ಟಿನಲ್ಲಿ ಒಮ್ಮೆ ಫೇಲಾಗಿದ್ದಳು. ಮೊದಮೊದಲು ಹಿಂದಿನ ಸೀಟಿನಲ್ಲಿ ತಾನೂ ಕಾವಲು ಕೂರುತ್ತೇನೆ ಅಂದಿದ್ದ ಹೆಂಡತಿ ಕಾರಿನ ಗಾಜು ಒರೆಸುತ್ತಿದ್ದಳು.

"ಸಾರ್, ನಾಳೆಯಿಂದ ಬೆಳಿಗ್ಗೆ ಎಂಟಕ್ಕೇ ಇಟ್ಕೊಳ್ಳೋಣ. ಅಂಗಡಿ ತೆಗೆಯೋದ್ರೊಳಗೆ ಮುಗಿಯುತ್ತೆ."

"ಎಂಟಕ್ಕಾಗಲ್ಲ."

"ವಾಕಿಂಗಾ ಸಾರ್?"

ಗಾಜಿನ ಮೇಲಿನ ಬಟ್ಟೆ ನಿಂತಿತು. ಪ್ರಿನ್ಸಿಪಾಲರು ಟೈ ಎಳೆದುಕೊಂಡರು.

"ವಾಕಿಂಗೂ ಇಲ್ಲ ಮಣ್ಣೂ ಇಲ್ಲ. ಆಸ್ಪತ್ರೇಲಿ ಅಮಲು ಬಿಡಿಸೋ ಔಷಧಿ ಸಾಲಲ್ಲಿ ನಿಂತಿರ್ತೀನಿ. ಲಾರಿ ಎದುರಿಗೆ ನಾನು ಯಾಕೆ ಬೈಲಿಲ್ಲ ಅಂತ ಇಷ್ಟು ದಿನ ಆದ್ರೂ ಹೊಳೀಲಿಲ್ವೇನ್ರೀ ನಿಮಗೆ? ಒಂಬತ್ತಕ್ಕೆ ಬನ್ನಿ."

"ಹೊಳೆದಿತ್ತು ಸಾರ್," ಅಂದಳು ಆಕೆ. "ನೀವೇ ಹೇಳ್ತೀರೇನೋ ಅಂತ ಸುಮ್ನಿದ್ದೆ."

ಹೆಂಡತಿ ಬಟ್ಟೆ ಮಡಿಸಿ, ಕಾರಿನ ಕೀ ಗಂಡನ ಕೈಗಿಟ್ಟು ಮನೆಯೊಳಗೆ ಹೋದಳು. ಹಿಂದಿನ ಸೀಟಿನ ಕಾವಲಿಗೆ ಬರಲಿಲ್ಲ.