ನಮ್ಮನೆಯವರ ಕೆಮ್ಮು

ನಮ್ಮನೆಯವರು ತೀರಿಕೊಂಡು ವರ್ಷಗಳಾದವು. ಅವರ ಕನ್ನಡಕ ನನ್ನ ಪೆಟ್ಟಿಗೆಯಲ್ಲಿದೆ, ಫೋಟೋ ಗೋಡೆಯ ಮೇಲಿದೆ, ಕೆಮ್ಮು ಮಾತ್ರ ಶಾಲೆಯಲ್ಲಿದೆ. ಹೀಗೆಂದರೆ ಮುದುಕಿಗೆ ಅರಳುಮರಳು ಎನ್ನುತ್ತೀರಿ, ಅದಕ್ಕೇ ಮೊದಲಿನಿಂದ ಹೇಳುತ್ತೇನೆ.

ಅವರು ಊರೂರು ಸುತ್ತುವ ನಾಟಕ ಕಂಪನಿಯಲ್ಲಿದ್ದರು. ಒಂದು ದಿನವೂ ನಾಯಕನಾದವರಲ್ಲ. ಮೀಸೆ ಮೂಡುವ ಮೊದಲೇ ಬಿಳಿ ಗಡ್ಡ ಅಂಟಿಸಿಕೊಂಡರು. ಆಮೇಲೆ ಎಲ್ಲ ಮುದುಕರ ಪಾತ್ರವೂ ಅವರ ತಲೆಗೇ ಬಂತು. ಮುಖಕ್ಕೆ ಬಳಿದ ಪೌಡರು, ರಂಗದ ಧೂಳು ಎಲ್ಲ ಸೇರಿ ಗಂಟಲಿಗೆ ಒಂದು ಕೆಮ್ಮು ಗಂಟುಬಿತ್ತು. ಎರಡು ಗಿಡ್ಡ, ಒಂದು ಉದ್ದ, ಕೊನೆಗೆ ಹಳೇ ಬಾಗಿಲಿನ ಕೀಲು ಕಿರುಗುಟ್ಟಿದಂಥ ಸದ್ದು. ಮೆಟ್ಟಿಲ ಮೇಲೆ ಅದು ಕೇಳಿದರೆ ಸಾಕು, ನಾನು ಹೋಗಿ ಚಿಲಕ ತೆಗೆಯುತ್ತಿದ್ದೆ. ಅವರು ಬಾಗಿಲು ಬಡಿದದ್ದೇ ಇಲ್ಲ.

ಕಂಪನಿ ಮುಚ್ಚಿದ ಮೇಲೆ ಅವರು ಕೈಕಟ್ಟಿ ಮನೆಯಲ್ಲಿ ಕೂತರು. ಆಗ ಕರೆದವರು ದೊಡ್ಡ ಟೀಚರ್. ಆಟಿಸಂ ಇರುವ ಮಕ್ಕಳಿಗಾಗಿ ಅವರು ಹಳೇ ಪ್ರೆಸ್ಸಿನ ಮಹಡಿಯಲ್ಲಿ ಶಾಲೆ ನಡೆಸುತ್ತಿದ್ದರು. ಮಕ್ಕಳಿಗೆ ನಾಟಕ ಕಲಿಸಿ ಎಂದರು. ಬಟ್ಟೆ ಹೊಲಿಯಲು ನಾನೂ ಹಿಂದೆ ಹೋದೆ. ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಮುದುಕಿಯಾಗುವ ಹೊತ್ತಿಗೆ ಮತ್ತೆ ಶಾಲೆ ಸೇರಿದೆ.

ಆ ಮಕ್ಕಳಲ್ಲಿ ಕೆಲವರಿಗೆ ಮಾತಿರಲಿಲ್ಲ, ಕೆಲವರಿಗೆ ಒಂದೇ ಮಾತು ದಿನವಿಡೀ. ಬಟ್ಟೆಯೊಳಗಿನ ಹೊಲಿಗೆ ತಾಗಿದರೆ ಮುಳ್ಳು ಚುಚ್ಚಿದ ಹಾಗೆ ಒದ್ದಾಡುವರು. ಅದಕ್ಕೆ ನಾನು ಹೊಲಿಗೆಯೆಲ್ಲ ಹೊರಗೆ ಬರುವಂತೆ ಹೊಲಿದೆ. ರಾಜನ ಪಾತ್ರದ ಹುಡುಗನೂ ತಿರುವುಮುರುವು ಅಂಗಿಯಲ್ಲೇ ನಿಂತ. ನಮ್ಮನೆಯವರು ನೋಡಿ, ತಮ್ಮ ಕಂಪನಿಯ ರಾಜರದ್ದೂ ಹತ್ತಿರ ಹೋಗಿ ನೋಡಿದರೆ ಇದೇ ಗತಿ ಎಂದು ನಕ್ಕರು. ಚಪ್ಪಾಳೆಯ ಸದ್ದಿಗೆ ಮಕ್ಕಳು ಕಿವಿ ಮುಚ್ಚಿಕೊಳ್ಳುತ್ತಿದ್ದರು. ಹಾಗಾಗಿ ನೋಡುವವರು ಎರಡೂ ಕೈ ಮೇಲೆತ್ತಿ ಬೆರಳು ಆಡಿಸಬೇಕೆಂದಾಯಿತು.

ಕಂಪನಿಯಲ್ಲಿ ದಿನಕ್ಕೊಂದು ಹೊಸ ಮಾತು ಸೇರಿಸಿದರೆ ಶಿಳ್ಳೆ ಬೀಳುತ್ತಿತ್ತಂತೆ. ಇಲ್ಲಿ ಅದು ತಲೆಕೆಳಗಾಯಿತು. ನಿನ್ನೆಯಂತೆಯೇ ಇಂದು ಇದ್ದರೆ ಮಾತ್ರ ಮಕ್ಕಳು ನಂಬುವರು. ಅದಕ್ಕೆ ಅವರು ತಾಲೀಮಿಗೆ ಯಾವಾಗಲೂ ಅದೇ ಕಂದು ಅಂಗಿ ತೊಟ್ಟು, ಅದೇ ಕಿಟಕಿಯ ಪಕ್ಕ ನಿಂತು, ಅದೇ ದನಿಯಲ್ಲಿ ಮಾತು ಎತ್ತಿಕೊಡುತ್ತಿದ್ದರು.

ಅಲ್ಲೊಬ್ಬಳು ಹುಡುಗಿ. ತೆರೆದ ಬಾಗಿಲು ಕಂಡರೆ ಆಗುತ್ತಿರಲಿಲ್ಲ, ಎಲ್ಲಿದ್ದರೂ ಓಡಿ ಬಂದು ಮುಚ್ಚುವಳು. ನಾವು ಬಾಗಿಲಮ್ಮ ಎನ್ನುತ್ತಿದ್ದೆವು. ಮನೆಯಲ್ಲಿ ತುಟಿ ಬಿಚ್ಚದವಳು. ನಮ್ಮನೆಯವರು ಅವಳನ್ನು ಅರಮನೆಯ ಕಾವಲುಗಾರ್ತಿ ಮಾಡಿದರು. ರಾಜ ಒಳಬಂದ ಮೇಲೆ ರಟ್ಟಿನ ಬಾಗಿಲು ಮುಚ್ಚುವ ಕೆಲಸ, ಜೊತೆಗೆ ಒಂದೇ ಒಂದು ಮಾತು. ತಿಂಗಳುಗಟ್ಟಲೆ ಹೇಳಿಸಿದ ಮೇಲೆ ಒಂದು ದಿನ ಆ ಮಾತು ಹೊರಗೆ ಬಂತು. ಆಮೇಲೆ ತಾಲೀಮಿನಲ್ಲಿ ತಪ್ಪಲೇ ಇಲ್ಲ.

ಅವಳಪ್ಪ ಬಸ್ ಡ್ರೈವರ್. ನಾಟಕಕ್ಕೆ ಕರೆಯಲು ಹೋದಾಗ ನೇರವಾಗಿ ಹೇಳಿದ: "ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ. ಇವಳಮ್ಮ ಎರಡು ಬಸ್ಸು ಬದಲಾಯಿಸಿ ಕರ್ಕೊಂಡು ಬಂದು ಸುಸ್ತಾಗಿದ್ದಾಳೆ. ನಾಟಕ ನೋಡ್ತೀನಿ. ಏನೂ ಕಾಣ್ಲಿಲ್ಲ ಅಂದ್ರೆ ಬಿಡಿಸಿ ಮನೇಲೇ ಅಜ್ಜಿ ಹತ್ರ ಇಟ್ಕೋತೀನಿ."

ನಮ್ಮನೆಯವರಿಗೆ ಅಂದಿನಿಂದ ಊಟ ರುಚಿಸಲಿಲ್ಲ. ನಾಟಕದ ದಿನ ಬೆಳಿಗ್ಗೆ ಉಪ್ಪುನೀರಲ್ಲಿ ಗಂಟಲು ಮುಕ್ಕಳಿಸಿದರು, ಕೆಮ್ಮಿನ ಔಷಧಿ ಕುಡಿದರು. ಪರದೆಯ ಹಿಂದೆ ಕೆಮ್ಮುವುದೆಂದರೆ ಕಂಪನಿಯವರಿಗೆ ಮಹಾ ಅವಮಾನ.

ರಾಜ ಬಂದ, ಒಳಗೆ ಹೋದ. ಬಾಗಿಲಮ್ಮ ಬಾಗಿಲ ಪಕ್ಕ ನಿಂತಳು. ನಿಂತೇ ಇದ್ದಳು. ನಮ್ಮನೆಯವರು ಪರದೆಯ ಮರೆಯಿಂದ ಮಾತು ಎತ್ತಿಕೊಟ್ಟರು. ಅವಳು ಅವರ ಮುಖವನ್ನೇ ನೋಡಿದಳು. ಮತ್ತೆ ಎತ್ತಿಕೊಟ್ಟರು. ಊಹೂಂ. ರಾಜನಿಗೆ ಬೇಸರವಾಗಿ ನೆಲದ ಮೇಲೆ ಕೂತುಬಿಟ್ಟ.

ಆಗ ನಮ್ಮನೆಯವರು ಗಂಟಲ ಮೇಲೆ ಕೈ ಇಟ್ಟುಕೊಂಡು ನನ್ನ ಕಡೆ ತಿರುಗಿದರು. ನನಗೂ ಹೊಳೆಯಿತು. ಪ್ರತಿದಿನ ಆ ಜಾಗಕ್ಕೆ ಬಂದಾಗ ಅವರು ಕೆಮ್ಮುತ್ತಿದ್ದರು, ಆಮೇಲೆ ಅವಳು ಮಾತಾಡುತ್ತಿದ್ದಳು. ನಮಗೆ ಅದು ಕಾಯಿಲೆ, ಅವಳಿಗೆ ಅದು ನಾಟಕ.

ಅವರು ಕೆಮ್ಮಲು ಹೊರಟರು. ಔಷಧಿ ಗಂಟಲನ್ನು ಬೆಣ್ಣೆ ಮಾಡಿಟ್ಟಿತ್ತು. ಆಯುಸ್ಸೆಲ್ಲ ಮುದುಕರ ಕೆಮ್ಮು ಕೆಮ್ಮಿದ ಮನುಷ್ಯನಿಗೆ ತನ್ನ ಕೆಮ್ಮೇ ಬರಲಿಲ್ಲ. ಬಂದ ಸದ್ದು ಕೇಳಿ ಅವಳು ಅಲ್ಲ ಎಂಬಂತೆ ತಲೆ ಆಡಿಸಿದಳು. ಅತ್ತ ಡ್ರೈವರ್ ಎದ್ದ. ಮಗಳನ್ನು ರಂಗದಿಂದ ಇಳಿಸಿಕೊಂಡು ಹೋಗಲು ಕುರ್ಚಿಗಳ ನಡುವೆ ಬರತೊಡಗಿದ. ನನ್ನ ಕೈಯ ಸೂಜಿ ಬೆವರಿಗೆ ಜಾರುತ್ತಿತ್ತು.

ಬಾಗಿಲಮ್ಮ ಇನ್ನೊಂದು ಗಳಿಗೆ ಕಾದಳು. ಆಮೇಲೆ ತಾನೇ ಕೆಮ್ಮಿದಳು. ಎರಡು ಗಿಡ್ಡ, ಒಂದು ಉದ್ದ, ಕೊನೆಗೆ ಆ ಕೀಲಿನ ಸದ್ದು. ಕಣ್ಣು ಮುಚ್ಚಿದ್ದರೆ ನಮ್ಮನೆಯವರೇ ಎನ್ನಬೇಕು.

"ರಾಜರು ಒಳಗೆ ಬಂದ್ರು. ಇನ್ನು ಬಾಗಿಲು ಹಾಕ್ತೀನಿ."

ಹಾಕಿದಳು ನೋಡಿ, ರಟ್ಟಿನ ಅರಮನೆಯೇ ಅಲುಗಾಡಿತು. ಕೋಣೆಯ ತುಂಬ ಕೈಗಳು ಎದ್ದವು. ಡ್ರೈವರ್ ನಡುದಾರಿಯಲ್ಲೇ ನಿಂತು, ಅಕ್ಕಪಕ್ಕದವರನ್ನು ನೋಡಿ, ತಾನೂ ಎರಡು ಕೈ ಎತ್ತಿ ಬೆರಳು ಆಡಿಸಿದ. ಎತ್ತಿದ ಕೈ ಇಳಿಸಲು ಮರೆತೇಬಿಟ್ಟ.

ಆಮೇಲೆ ಪರದೆಯ ಹಿಂದೆ ಬಂದ. "ಆ ಕೆಮ್ಮು ನಿಮ್ದಾ ಮೇಷ್ಟ್ರೇ? ಮನೇಲಿ ಸಂಜೆಯಾದ್ರೆ ಕೆಮ್ಮೋದು, ಹೋಗಿ ಬಾಗಿಲು ಹಾಕೋದು. ನೆಗಡಿ ಅಂದ್ಕೊಂಡು ನಾವು ಔಷಧಿ ಕುಡಿಸಿದ್ದೇ ಕುಡಿಸಿದ್ದು."

"ನಾನೂ ಇವತ್ತು ಅದನ್ನೇ ಕುಡಿದು ಕೆಟ್ಟೆ ಕಣಪ್ಪಾ," ಎಂದರು ಇವರು.

ಡ್ರೈವರ್ ನಗಲು ಹೋದ, ನಗು ಅರ್ಧಕ್ಕೇ ನಿಂತಿತು. ಟೋಪಿ ಸರಿಮಾಡಿಕೊಂಡು ಬೇರೆ ಕಡೆ ನೋಡುತ್ತ, "ಸೋಮವಾರ ಎಷ್ಟು ಹೊತ್ತಿಗೆ ತಂದು ಬಿಡ್ಲಿ?" ಎಂದು ಕೇಳಿದ.

ಆಮೇಲೆ ಇವರು ನಾಟಕದ ದಿನ ಔಷಧಿ ಮುಟ್ಟಲಿಲ್ಲ. ಕೊನೆಯವರೆಗೂ ಪರದೆಯ ಹಿಂದೆ ಧಾರಾಳವಾಗಿ ಕೆಮ್ಮಿದರು.

ಬಾಗಿಲಮ್ಮನಿಗೆ ಈಗ ತಲೆಯಲ್ಲಿ ಒಂದೆರಡು ಬಿಳಿ ಕೂದಲು. ಶಾಲೆಯ ನಾಟಕಗಳಿಗೆ ಪರದೆ ಎಳೆಯುವವಳು ಅವಳೇ, ಬೇರೆಯವರು ಹಗ್ಗ ಮುಟ್ಟುವಂತಿಲ್ಲ. ನಾನೂ ಹೋಗುತ್ತೇನೆ, ಸೂಜಿಗೆ ದಾರ ಯಾರಾದರೂ ಪೋಣಿಸಿಕೊಟ್ಟರೆ ಹೊಲಿಗೆ ಇನ್ನೂ ನೆಟ್ಟಗೇ ಬರುತ್ತದೆ. ಹಗ್ಗ ಹಿಡಿಯುವ ಮುಂಚೆ ಅವಳು ಕೆಮ್ಮುತ್ತಾಳೆ. ಹೊಸ ಟೀಚರ್‌ಗಳು ನೀರು ತರಲು ಓಡುತ್ತಾರೆ. ನನ್ನ ಕೈ ಮಾತ್ರ ಸೂಜಿ ಬಿಟ್ಟು, ಇಲ್ಲದ ಚಿಲಕ ಹುಡುಕುತ್ತದೆ.