ಗಾಳಿ ಬೆನ್ನಿಗೆ ಬಿದ್ದ ಮೇಲೆ

ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿ ಮೂರು ದಶಕ ಸೀಟಿ ಊದಿ ನಿವೃತ್ತನಾದ ಎರಡನೆಯ ವರ್ಷ. ಸರ್ಕಾರ ನನ್ನನ್ನು ಬಿಟ್ಟರೂ ನಾನು ವ್ಯಾಯಾಮವನ್ನು ಬಿಡದೆ ಬ್ರೆವೆ ಸವಾರಿಗೆ ಸೇರಿದ್ದೆ. ಬ್ರೆವೆ ಎಂದರೆ ಪಂದ್ಯವಲ್ಲ. ಇನ್ನೂರು ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಸೈಕಲ್ಲಿನಲ್ಲಿ ಮುಗಿಸಬೇಕು. ನಡುವೆ ಕಂಟ್ರೋಲ್ ಎಂಬ ತಪಾಸಣಾ ಜಾಗಗಳಲ್ಲಿ ಹೊತ್ತು ಮೀರುವ ಮುನ್ನ ಮುದ್ರೆ ಒತ್ತಿಸಿಕೊಳ್ಳಬೇಕು. ವಾಹನ ಹತ್ತಿದರೆ ಸವಾರಿ ರದ್ದು. ಕೊನೆಗೆ ಒಂದು ಪದಕ ಪ್ರಾಪ್ತಿ.

ಜೊತೆಗಾರ ಶಿವಣ್ಣ, ನಮ್ಮದೇ ಶಾಲೆಯ ಡ್ರಾಯಿಂಗ್ ಮೇಷ್ಟ್ರು. ಹಿಂದಿನ ವರ್ಷ ಅವನ ಮೀನಖಂಡ ಹಿಡಿದುಕೊಂಡಾಗ ನಾನು ಇಳಿದು, ಕಾಲು ಉಜ್ಜುತ್ತ ಕೂತು, ಇಬ್ಬರೂ ಹೊತ್ತು ಮೀರಿ ಬಂದಿದ್ದೆವು. ಈ ಸಲ ಡಾಕ್ಟರು ನನ್ನ ಮೊಣಕಾಲು ಅದುಮಿ ನೋಡಿ, “ಇದೊಂದು ಸಲ ಹೋಗಿಬನ್ನಿ ಮೇಷ್ಟ್ರೇ, ಆಮೇಲೆ ಸಾಕು” ಎಂದು ತೀರ್ಪಿತ್ತಿದ್ದರು. ಪದಕ ಬಂದರೆ ಈಗ, ಇಲ್ಲವಾದರೆ ಎಂದಿಗೂ ಇಲ್ಲ.

ಆಷಾಢದ ಬೆಳಗ್ಗೆ ತಿಪಟೂರು ಬಿಟ್ಟೆವು. ಹೊರೆ ಹಗುರಾಗಲೆಂದು ಸಾಮಾನು ಹಂಚಿಕೊಂಡಿದ್ದೆವು: ಪಂಪು, ಟ್ಯೂಬು ಅವನ ಚೀಲದಲ್ಲಿ, ಇಬ್ಬರ ರೊಟ್ಟಿ, ಬಾಳೆಹಣ್ಣು ನನ್ನದರಲ್ಲಿ. ದಬ್ಬೇಘಟ್ಟದವರೆಗೂ ಎದುರುಗಾಳಿ. ಒಂದು ತೋಟ ದಾಟಿದರೆ ಬಿಸಿಲು, ಮುಂದಿನದು ದಾಟಿದರೆ ಜಡಿ. ತೆಂಗಿನಮರಗಳೇ ಸೊಂಟ ಬಗ್ಗಿಸಿ ನಿಂತಿದ್ದವು.

“ನೀನೇ ಮುಂದಿರು ಕಣ್ಲಾ. ನಿನ್ನ ಬೆನ್ನು ಕಲ್ಯಾಣಮಂಟಪದ ಗೋಡೆ ಇದ್ದಂಗದೆ” ಎಂದ ಶಿವಣ್ಣ.

ಮುಂದಿನವನು ಗಾಳಿ ಒಡೆದರೆ ಹಿಂದಿನವನಿಗೆ ಅರ್ಧ ಶ್ರಮ. ಸರದಿಯ ಮೇಲೆ ಮುಂದಾಗುವುದು ಸವಾರರ ರೂಢಿ. ಶಿವಣ್ಣನ ಸರದಿ ಬರಲೇ ಇಲ್ಲ. ಗೆಳೆಯನಲ್ಲವೇ ಎಂದು ನಾನೂ ಗೋಡೆಯಾಗಿಯೇ ಮುಂದುವರಿದೆ.

ತುರುವೇಕೆರೆ ದಾಟಿ ಚಿಕ್ಕನಾಯಕನಹಳ್ಳಿಯ ಕಡೆ ತಿರುಗಿದಾಗ ಗಾಳಿ ಬೆನ್ನಿಗೆ ಬಿತ್ತು. ಇನ್ನು ಗೋಡೆಯ ಅಗತ್ಯವಿರಲಿಲ್ಲ. ಶಿವಣ್ಣ ನನ್ನನ್ನು ದಾಟಿ, ಹಾಯುವ ಹಕ್ಕಿಯಂತೆ ಮುಂದಾದ. ಆಗಲೇ ನನ್ನ ಹಿಂದಿನ ಚಕ್ರ ಸುಯ್ ಎಂದು ಕೂತುಕೊಂಡಿತು.

“ಲೇ ಶಿವಣ್ಣ, ಪಂಚರ್ ಕಣ್ಲಾ! ನಿಂತ್ಕೊ!”

ಅವನು ತಿರುಗಿ ನೋಡಿದ. ನಾನು ಕೈ ಎತ್ತಿದೆ. ಅವನೂ ಕೈ ಎತ್ತಿದ. ಆಮೇಲೆ ಮಳೆಯ ಪರದೆಯೊಳಗೆ ಹೊರಟುಹೋದ. ಫೋನು ಮಾಡಿದೆ. ಬಡಿದುಕೊಂಡೇ ಇತ್ತು, ಅವನು ಎತ್ತಲಿಲ್ಲ.

ತಳ್ಳಿಕೊಂಡು ಹೋಗಿ ರಸ್ತೆ ಬದಿಯ ರಫೀಕ್ ಸಾಹೇಬರ ಅಂಗಡಿ ಸೇರಿದೆ. ಅವರು ತೂತು ಮುಚ್ಚಿದರು. ಗಾಳಿ ತುಂಬಲು ಹೋದರೆ ನನ್ನ ಸೈಕಲ್ಲಿನದು ವಿಲಾಯಿತಿ ವಾಲ್ವು.

“ಇದ್ರ ಬಾಯಿ ಸಣ್ಣದು ಸಾರ್, ನಮ್ ಪಂಪು ಕೂರಲ್ಲ. ಇದ್ರದ್ದೇ ಪಂಪು ಇರ್ಬೇಕಲ್ಲ?”

“ಇದೆ. ಮುಂದೆ ಹೋಗಿದೆ.”

ಮತ್ತೆ ತಳ್ಳಿದೆ. ಕಾಯಿ ತುಂಬಿದ ಪಿಕಪ್ಪಿನವನು ನಿಲ್ಲಿಸಿ, “ಹತ್ತಿ ಸಾ, ಕಾಯಿ ಮ್ಯಾಲೆ ಕೂತ್ಕಳಿ” ಎಂದ. ನಿಯಮವನ್ನು ವಿವರಿಸಿದೆ. ಅವನು ನನ್ನ ತಲೆಯ ಬಗ್ಗೆ ಮರುಕಪಟ್ಟು ಹೋದ. ಕಂಟ್ರೋಲ್ ಮುಚ್ಚುವ ಹೊತ್ತು ಮೀರಿದ ಮೇಲೆ ನಿಯಮವೂ ಮುಗಿಯಿತು. ಮುಂದೆ ಬಂದ ಗಾಡಿಗೆ ನಾನೇ ಕೈ ಅಡ್ಡ ಹಿಡಿದೆ.

ಸಂಜೆ ನಾನು ತಿಪಟೂರು ಸೇರಿದಾಗ ಶಿವಣ್ಣ ಸವಾರಿ ಮುಗಿಸಿ, ಪದಕ ಹಾಕಿಕೊಂಡು ನಿಂತಿದ್ದ.

“ಬಂದ್ಯಾ! ಏನ್ ಮಾಡ್ಲಿ ಹೇಳು, ಬೆನ್ನಿಗೆ ಗಾಳಿ ಸಿಕ್ಕಿತ್ತು. ನಿಲ್ಸೋಕೆ ಮನ್ಸೇ ಬರ್ಲಿಲ್ಲ ಕಣ್ಲಾ. ಬುಡು, ಮುಂದಿನ್ ವರ್ಷ ನಿಂದು.”

ಮುಂದಿನ ವರ್ಷ ನನಗಿಲ್ಲವೆಂದು ಅವನಿಗೆ ಗೊತ್ತಿತ್ತು. ಡಾಕ್ಟರ ಹತ್ತಿರ ಜೊತೆಗೆ ಬಂದವನೇ ಅವನು.

ಮೂವತ್ತು ವರ್ಷ ಮಕ್ಕಳಿಗೆ ತಂಡದ ಪಾಠ ಹೇಳಿದವನು ನಾನು. ಜೊತೆಗಿರುವವನನ್ನು ಅಳೆಯಬೇಕಾದದ್ದು ಕಷ್ಟದ ದಾರಿಯಲ್ಲಲ್ಲ, ದಾರಿ ಸಲೀಸಾದ ಮೇಲೆ ಎಂಬುದು ನಿವೃತ್ತಿಯ ನಂತರ ತಿಳಿಯಿತು. ಮಾಡಿದ್ದು ತಪ್ಪೆಂದು ಶಿವಣ್ಣನಿಗೆ ಇವತ್ತಿಗೂ ಹೊಳೆದಿಲ್ಲ. ನಾನೂ ಹೇಳಿಲ್ಲ. ಹೇಳಿದರೆ ತಕ್ಷಣ ಕ್ಷಮೆ ಕೇಳಿಬಿಡುತ್ತಾನೆ. ಅಷ್ಟು ಅಗ್ಗಕ್ಕೆ ಅವನನ್ನು ಬಿಡಲು ನನಗೆ ಮನಸ್ಸಿಲ್ಲ.